ಏಳನೇ ಮಹಡಿಯ ದುಂಡು ಮೇಜು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಒಂದು ದೂರು ಬಂತು. ದೂರು ಒಂದೇ, ಅದನ್ನು ಹೊತ್ತು ತಂದ ವಕೀಲರು ಮಾತ್ರ ಒಂದು ದಿಬ್ಬಣದಷ್ಟು. ಅಷ್ಟೊಂದು ಕರಿ ಕೋಟು ಒಟ್ಟಿಗೆ ಒಳನುಗ್ಗಿದ್ದನ್ನು ಕಂಡು, ಲಾಕಪ್ಪಿನಲ್ಲಿದ್ದ ಜೇಬುಗಳ್ಳ ತನ್ನನ್ನೇ ಬಿಡಿಸಲು ಬಂದರೆಂದು ತಿಳಿದು ಎದ್ದು ನಿಂತು ಬೆರಳಿನಲ್ಲೇ ಕ್ರಾಪು ಸರಿಮಾಡಿಕೊಂಡ.

ದೂರು ಬರೆದುಕೊಳ್ಳಲು ಕೂತವನು ದಫೇದಾರ. ಅವನ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಮೇಲಿನವರು, ಕೆಳಗಿನವರು, ಕಳ್ಳರು, ಕೊನೆಗೆ ಕಟ್ಟಿಕೊಂಡ ಹೆಂಡತಿಯೂ ಅವನನ್ನು ಕರೆಯುತ್ತಿದ್ದುದು ರೇಡಿಯೊ ಎಂದೇ. ಬಾಯಿ ಬಿಡದೆ ಸತಾಯಿಸುತ್ತಿದ್ದ ಕಳ್ಳನೊಬ್ಬ ರೇಡಿಯೊ ಜೊತೆ ಒಂದು ಮಧ್ಯಾಹ್ನ ಕೂತೆದ್ದ ಮೇಲೆ, "ಎಲ್ಲಾ ಹೇಳ್ತೀನಿ, ಮೊದ್ಲು ಇವರನ್ನ ಆಚೆ ಕಳ್ಸಿ" ಎಂದು ಕೈಮುಗಿದನಂತೆ. ಈ ಮಾತು ಇಲಾಖೆಯಲ್ಲೆಲ್ಲ ಹಬ್ಬಿತ್ತು. ಹಬ್ಬಿಸಿದವನೂ ಅವನೇ.

"ಏನ್ ಕಳುವಾಗಿದೆ ಸಾರ್?"

"ಮೇಜು," ಎಂದರು ಮುಂದೆ ನಿಂತಿದ್ದ ವಕೀಲರು.

"ಮೇಜಿನ ಮೇಲಿದ್ದ ಸಾಮಾನಾ?"

"ಅಲ್ಲಪ್ಪ. ಮೇಜೇ."

ರೇಡಿಯೊ ಪೆನ್ನು ಕೆಳಗಿಟ್ಟ. "ಎಷ್ಟ್ ದೊಡ್ಡದು ಸಾರ್?"

ವಕೀಲರು ಎರಡೂ ಕೈ ಅಗಲಿಸಿದರು. ಸಾಲಲಿಲ್ಲ. ಪಕ್ಕದವರನ್ನು ಕರೆದು ಅವರ ಕೈಯನ್ನೂ ಸೇರಿಸಿಕೊಂಡರು. ಅದೂ ಸಾಲಲಿಲ್ಲ. ನಾಲ್ಕು ಜನ ಕೈಕೈ ಹಿಡಿದು ದುಂಡಗೆ ನಿಂತ ಮೇಲೆ, "ಹೂಂ, ಸುಮಾರು ಇಷ್ಟು" ಎಂದರು. ಜೇಬುಗಳ್ಳ ಕಂಬಿಯ ಹಿಂದಿನಿಂದ, "ಇದನ್ನ ಕದ್ದೋನ ಜೇಬು ಎಷ್ಟಿರ್ಬೇಕು ದಫೇದಾರ್ರೇ!" ಎಂದು ಬೆರಗಾದ.

ಮುಂದೆ ನಿಂತವರು ಈ ವಕೀಲರೆಲ್ಲ ಸೇರಿದ ಕಾನೂನು ಸಂಸ್ಥೆಯ ಮ್ಯಾನೇಜಿಂಗ್ ಪಾರ್ಟ್ನರ್. ಮುನ್ನೂರು ವಕೀಲರು, ನಾಲ್ಕರಿಂದ ಏಳರವರೆಗೆ ನಾಲ್ಕು ಮಹಡಿ ಅವರ ಕಚೇರಿ. ಎಲ್ಲರ ಕೆಲಸ, ಫೀಸು, ಖರ್ಚು ನೋಡಿಕೊಳ್ಳುವವರು ಅವರು. ಜೂನಿಯರುಗಳು ಅವರಿಗೆ ಇಟ್ಟ ಹೆಸರು ಆರು ನಿಮಿಷ. ಅಲ್ಲಿ ಒಂದು ಗಂಟೆಯನ್ನು ಹತ್ತು ಹೋಳು ಮಾಡಿ, ಆರು ಆರು ನಿಮಿಷಕ್ಕೂ ಯಾವ ಕಕ್ಷಿದಾರನ ಕೆಲಸ ಮಾಡಿದಿರಿ ಎಂದು ಕಂಪ್ಯೂಟರಿಗೆ ಹೇಳಬೇಕು. ಬಿಲ್ಲು ಅದರ ಮೇಲೆ. ಆ ಪದ್ಧತಿ ತಂದವರು ಇವರು. ಸೀನು ಬಂದರೆ ಯಾರ ಖಾತೆಗೆ ಬರೆಯಬೇಕೆಂದು ಜೂನಿಯರುಗಳು ಇವರನ್ನೇ ಕೇಳುತ್ತಾರೆ ಎಂಬ ತಮಾಷೆಯೂ ಇತ್ತು.

ಎಫ್‌ಐಆರ್‌ನಲ್ಲಿ ಮಾಲಿನ ಬೆಲೆ ಬರೆಯುವ ಜಾಗಕ್ಕೆ ಬಂದಾಗ ಗಲಾಟೆ ಶುರುವಾಯಿತು. ಒಬ್ಬರು ಅದಕ್ಕೆ ಬೆಲೆ ಕಟ್ಟಲಾಗದು ಎಂದರು. ಇನ್ನೊಬ್ಬರು ಹಳೇ ಸಾಮಾನಿನವನನ್ನು ಕರೆಸಿ ಕೇಳಿ ಎಂದರು. ಆರು ನಿಮಿಷದವರು ಕೆಮ್ಮಿ, "ಸವಕಳಿ ಕಳೆದ್ರೆ ನಮ್ಮ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ" ಎಂದರು.

ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್ ಮೇಡಂ ಇದನ್ನೆಲ್ಲ ಕೇಳುತ್ತಿದ್ದರು. ಮೇಡಂ ಬಾಯಿ ಬಿಡುವುದು ಬಲು ಅಪರೂಪ. ಅವರಿಗೆ ಕೊಡಬೇಕಿದ್ದ ಮಾತನ್ನೂ ದೇವರು ರೇಡಿಯೊಗೇ ಕೊಟ್ಟಿದ್ದಾನೆಂದು ಠಾಣೆಯವರು ನಂಬಿದ್ದರು.

"ಸೊನ್ನೆ ಬೆಲೆಯ ಮೇಜಿಗೆ ಇಷ್ಟು ಜನ ಯಾಕ್ ಬಂದ್ರಿ?" ಎಂದು ಮೇಡಂ ಕೇಳಿದರು.

ಆರು ನಿಮಿಷದವರು ಎಡಗೈ ತಿರುಗಿಸಿ ಮಣಿಕಟ್ಟು ನೋಡಿಕೊಂಡರು; ಆಮೇಲೆ ತಲೆಯೆತ್ತಿ, "ಟೈಮೆಷ್ಟಾಯ್ತು ದಫೇದಾರ್ರೇ?" ಎಂದರು.

"ಹನ್ನೊಂದು ಸಾರ್."

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮೇಡಂ, ರೇಡಿಯೊ, ಇಬ್ಬರು ಕಾನ್‌ಸ್ಟೇಬಲ್‌ಗಳು ಏಳನೇ ಮಹಡಿಗೆ ಹೋದರು. ಮೇಜು ಇದ್ದದ್ದು ಗಾಜಿನ ಬಾಗಿಲ ಹಿಂದಿನ ಒಂದು ಸಭಾಕೋಣೆಯಲ್ಲಿ. ನೆಲಹಾಸಿನ ಮೇಲೆ ಮಾಸದ ಬಣ್ಣದ ಒಂದು ದೊಡ್ಡ ದುಂಡು ಗುರುತು ಉಳಿದಿತ್ತು. ಸುತ್ತ ಕುರ್ಚಿಗಳು ಇದ್ದಲ್ಲೇ ಇದ್ದವು, ಊಟಕ್ಕೆ ಕೂತವರ ಮುಂದಿನಿಂದ ಎಲೆ ಎಳೆದುಕೊಂಡು ಹೋದಂತೆ.

ಮೇಡಂ ಟೇಪು ಹಿಡಿಸಿ ಬಾಗಿಲು ಅಳೆಸಿದರು. ಮೇಜಿನ ಗುರುತಿನ ಅರ್ಧದಷ್ಟೂ ಬಾಗಿಲಿಲ್ಲ. ಕಿಟಕಿಗಳು ತೆರೆಯುವಂಥವಲ್ಲ. ಹಾಸಿನ ಮೇಲೆ ಗರಗಸದ ಪುಡಿಯ ಒಂದು ಕಣವೂ ಸಿಗಲಿಲ್ಲ.

"ಮೇಡಂ, ಇದು ಮನುಷ್ಯರ ಕೆಲ್ಸ ಅಲ್ಲ," ಎಂದು ರೇಡಿಯೊ ದನಿ ತಗ್ಗಿಸಿದ. "ನಮ್ಮಜ್ಜಿ ಹೇಳೋರು, ಹಿಂದೆ ಒಂದು ಬಾವಿನೇ ರಾತ್ರೋರಾತ್ರಿ ಎದ್ದು ಪಕ್ಕದ್ ಬೀದಿಗೆ..."

"ಪರದೆ ಹಿಂದೆ ನೋಡು."

ಪರದೆಯ ಹಿಂದೆ, ಕಿಟಕಿಯ ಕಟ್ಟೆಯ ಮೇಲೆ, ಹೆಬ್ಬೆರಳುದ್ದದ ಒಂದು ಮರದ ಬೆಣೆ ಸಿಕ್ಕಿತು. ಒಂದು ತುದಿ ಸಣ್ಣ, ಒಂದು ತುದಿ ದಪ್ಪ. ಕೈಯಾಡಿ ಆಡಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಸುತ್ತಿಗೆಯ ಏಟಿನ ಗುರುತಿರಲಿಲ್ಲ. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, ಪಂಚನಾಮೆಗೆ ಸೇರಿಸಿ, ಲಕೋಟೆಗೆ ಹಾಕಿ ಅರಗು ಹಚ್ಚಿಸಿದರು.

"ಕ್ಯಾಮೆರಾ ಏನ್ ಹೇಳುತ್ತೆ?"

"ಈ ಮಹಡಿದು ತೆಗೆಸಿದ್ವಿ," ಎಂದರು ಆರು ನಿಮಿಷದವರು. "ಖರ್ಚು ಕಡಿಮೆ ಮಾಡೋಕೆ."

ಅವರ ಕೋಣೆಯ ಗೋಡೆಯೆಲ್ಲ ಚಾರ್ಟು. ದುಂಡಗಿನವು, ಮೆಟ್ಟಿಲಿನಂಥವು, ಗುಡ್ಡದಂಥವು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಈ ಮೇಜಿಂದ ಏನಾಗ್ಬೇಕಿತ್ತು?" ಉತ್ತರಕ್ಕೆ ಅವರು ಕೋಲು ಹಿಡಿದು ಎದ್ದು ನಿಂತರು.

"ನೋಡಿ ಮೇಡಂ, ಒಬ್ಬ ಜೂನಿಯರ್ ತನ್ನ ಸಂಬಳದ ಮೂರರಷ್ಟು ತರ್ಬೇಕು. ಒಂದ್ಪಾಲು ಅವನಿಗೆ, ಒಂದ್ಪಾಲು ಬಾಡಿಗೆ ಲೈಟಿಗೆ, ಒಂದ್ಪಾಲು ಪಾರ್ಟ್ನರ್‌ಗಳಿಗೆ. ಕೆಳಗೆ ಜೂನಿಯರ್ ಜಾಸ್ತಿ ಇದ್ದಷ್ಟೂ ಮೇಲಿರೋರಿಗೆ ಲಾಭ. ಇಷ್ಟು ವರ್ಷ ಹಂಗೇ ನಡೀತು. ಈಗ ದೊಡ್ಡ ಕಂಪನಿಗಳು ಗಂಟೆ ಲೆಕ್ಕ ಬೇಡ, ಒಟ್ಟಿಗೆ ಒಂದು ರೇಟು ಹೇಳಿ ಅಂತಾರೆ. ಜೂನಿಯರ್ ಕಲಿಯೋಕೆ ನಾವ್ಯಾಕೆ ದುಡ್ಡು ಕೊಡ್ಬೇಕು ಅಂತಾರೆ. ಕಕ್ಷಿದಾರರನ್ನ ತರೋ ಪಾರ್ಟ್ನರ್‌ಗಳನ್ನ ಬೇರೆ ಸಂಸ್ಥೆಯೋರು ಕರೀತಾರೆ. ಅವರು ಹೋದ್ರೆ ಕಕ್ಷಿದಾರರೂ ಅವರ ಹಿಂದೇನೇ ಹೋಗ್ತಾರೆ. ಉಳಿಯೋದು ಕುರ್ಚಿ ಮಾತ್ರ."

"ಅದಕ್ಕೆ?"

"ನಮಗಿಂತ ದೊಡ್ಡ ಸಂಸ್ಥೆ ಒಂದು ನಮ್ಮನ್ನ ಸೇರಿಸ್ಕೊಳ್ಳೋಕೆ ತಯಾರಿದೆ. ಒಂದು ಷರತ್ತು. ನಮ್ಮಲ್ಲಿ ಲಾಭ ಹಂಚೋದು ಹಿರಿತನದ ಮೇಲೆ. ಒಂದೇ ಹಿರಿತನದೋರಿಗೆಲ್ಲ ಒಂದೇ ಪಾಲು. ಯಾರು ಎಷ್ಟು ತಂದ್ರು ಅಂತ ಕೇಳೋ ಹಾಗಿಲ್ಲ. ಅದು ಹೋಗ್ಬೇಕು. ತಂದೋರಿಗೆ ತಂದಷ್ಟು. ತರದೇ ಇರೋರು..." ಅವರು ಕೋಲನ್ನು ಚಾರ್ಟಿನ ಕೆಳತುದಿಗೆ ಇಳಿಸಿದರು.

ರೇಡಿಯೊಗೆ ಇದ್ದಕ್ಕಿದ್ದಂತೆ ಅಮ್ಮನ ಅಡುಗೆಮನೆ ಕಣ್ಣಿಗೆ ಬಂತು. ಏಳು ಜನ ಮಕ್ಕಳು ಗೋಡೆಗೆ ಒರಗಿ ಸಾಲಾಗಿ ಕೂರುತ್ತಿದ್ದರು. ಗಿರಣಿ ಮುಚ್ಚಿ ದೊಡ್ಡಣ್ಣ ಕೆಲಸವಿಲ್ಲದೆ ತಲೆ ತಗ್ಗಿಸಿ ಕೂತಿದ್ದ ಕಾಲ ಅದು. ಅಮ್ಮ ಮೊದಲ ಸೌಟನ್ನು ದೊಡ್ಡಣ್ಣನ ತಟ್ಟೆಗೇ ಹಾಕುತ್ತಿದ್ದಳು. ದುಡಿದು ತರುತ್ತಿದ್ದ ಚಿಕ್ಕಣ್ಣ ಒಮ್ಮೆ ಮುಖ ಊದಿಸಿದ್ದಕ್ಕೆ, ಅದೇ ಸೌಟಿನಿಂದ ಅವನ ತಲೆಗೂ ಒಂದು ಬಡಿಸಿದ್ದಳು.

ಶುಕ್ರವಾರ ಸಂಜೆ ಪಾರ್ಟ್ನರ್‌ಗಳೆಲ್ಲ ಕೂಡಿ ಈ ವಿಷಯಕ್ಕೆ ಕೈಯೆತ್ತಬೇಕಿತ್ತು. ಆ ದಿನ ದಾಟಿದರೆ ದೊಡ್ಡ ಸಂಸ್ಥೆ ಕೊಟ್ಟ ಗಡುವು ಮುಗಿಯುತ್ತದೆ. ಆದರೆ ಸಂಸ್ಥೆ ಶುರುಮಾಡಿದ ಹಿರಿಯರು ಪಾಲುಗಾರಿಕೆ ಪತ್ರದಲ್ಲಿ ಒಂದು ಕಲಂ ಸೇರಿಸಿದ್ದರು: ಪಾಲು ಬದಲಿಸುವ ಮಾತನ್ನು ಆ ಮೇಜಿನ ಸುತ್ತ ಕೂತೇ ಆಡಬೇಕು, ಇಲ್ಲದಿದ್ದರೆ ಊರ್ಜಿತವಲ್ಲ.

"ಬೇರೆ ಮೇಜು ತಂದ್ರೆ?"

"ಮುನ್ನೂರು ಜನ ವಕೀಲರಿದೀವಿ ಮೇಡಂ. ಬೇರೆ ಮೇಜಲ್ಲಿ ಕೂತ್ರೆ ಮರುದಿನವೇ ಯಾರಾದ್ರೂ ಕೋರ್ಟಿಗೆ ಹೋಗ್ತಾರೆ. ದಾರಿ ಬೇರೆ ಎಲ್ರಿಗೂ ಗೊತ್ತು." ಅವರು ಮತ್ತೆ ಮಣಿಕಟ್ಟು ನೋಡಿಕೊಂಡು, ರೇಡಿಯೊನ ಕಡೆ ತಿರುಗಿ, "ಎಷ್ಟಾಯ್ತು?" ಎಂದರು.

ಹೊರಗೆ ಬರುತ್ತಿದ್ದಂತೆ ಒಬ್ಬ ಯುವತಿ ದಾರಿಗೆ ಅಡ್ಡ ಬಂದಳು. ಸಂಸ್ಥೆಯ ಅತಿ ಕಿರಿಯ ಪಾರ್ಟ್ನರ್. ಎಲ್ಲರಿಗಿಂತ ಹೆಚ್ಚು ಕಕ್ಷಿದಾರರನ್ನು ತರುವವಳೂ ಅವಳೇ.

"ಮೇಜು ಹೋದ್ರೆ ಲಾಭ ಯಾರಿಗೆ ನೋಡಿ ಮೇಡಂ. ಬಾಡಿಗೆ ವಕೀಲರನ್ನ ಕೇಳಿದ್ರಾ?"

"ಯಾರವರು?"

"ಬಾಡಿಗೆ ಮನೆಯೋರ ಕೇಸ್ ನಡೆಸ್ತಾರೆ, ಅದಕ್ಕೆ ಆ ಹೆಸ್ರು. ಇಡೀ ವರ್ಷಕ್ಕೆ ಅವರ ವಿಭಾಗ ತರೋದು ನಮ್ಮ ಕಾಫಿ ಖರ್ಚಿಗೂ ಸಾಲಲ್ಲ. ಹೊಸ ಪದ್ಧತಿ ಬಂದ್ರೆ ಮೊದಲು ಹೋಗೋರು ಅವರೇ."

ಕೆಳಗೆ ಕಾವಲುಗಾರನೂ ಅದಕ್ಕೆ ಸರಿಯಾಗಿ ಹೇಳಿದ. ಶನಿವಾರ ಸಂಜೆ ಮೇಜು ಇತ್ತು. ಭಾನುವಾರ ಮೇಲೆ ಹೋದವರು ಇಬ್ಬರೇ, ಬಾಡಿಗೆ ವಕೀಲರು ಮತ್ತು ಆರು ನಿಮಿಷದವರು. ಇಬ್ಬರೂ ಕೈತುಂಬ ಸಾಮಾನು ಇಳಿಸಿದರು. ಬಾಡಿಗೆ ವಕೀಲರದು ಫೈಲು, ಸಾಹೇಬರದು ಚಾರ್ಟಿನ ಹಲಗೆ. ಪ್ರತಿ ಭಾನುವಾರದ ಹಾಗೆಯೇ.

ಬಾಡಿಗೆ ವಕೀಲರ ಕೋಣೆ ನಾಲ್ಕನೇ ಮಹಡಿಯ ಮೂಲೆಯಲ್ಲಿತ್ತು. ಹೊರಗಿನ ಬೆಂಚಿನಲ್ಲಿ ಕೈಚೀಲ ಹಿಡಿದ ಹೆಂಗಸರು, ಒಬ್ಬ ಮುದುಕ, ಅಳುತ್ತಿದ್ದ ಒಂದು ಕೂಸು. ಒಳಗೆ ಫೈಲುಗಳ ಗುಡ್ಡದ ನಡುವೆ ಬೋಳುತಲೆಯ ದೊಡ್ಡ ನಗುವಿನ ಮನುಷ್ಯ.

"ಕೂತ್ಕೊಳ್ಳಿ ಅಂತ ಹೇಳೋಕೆ ಜಾಗ ಇಲ್ಲಮ್ಮ. ನಾನೇ ಕದ್ದಿದ್ರೆ ಮೇಜನ್ನ ಎಲ್ಲಿ ಇಡ್ಲಿ, ಹೇಳಿ? ನನ್ ತಲೆ ಮೇಲೇನೋ ಖಾಲಿ ಜಾಗ ಇದೆ, ಅಷ್ಟೇ."

"ಭಾನುವಾರ ಏನು ತಗೊಂಡು ಹೋದ್ರಿ?"

"ಫೈಲು. ಮನೇಲಿ ಓದ್ತೀನಿ. ಮನೆಯೋಳು ಬೈತಾಳೆ."

"ಮತ ಹಾಕಿದ್ರೆ ನಿಮ್ಮನ್ನ ತೆಗೀತಾರಂತೆ."

"ತೆಗೀತಾರೆ. ಲೆಕ್ಕ ಸರಿಯಾಗೇ ಇದೆ. ಲೆಕ್ಕ ಹಾಕಿರೋನು ನನ್ನ ಸ್ನೇಹಿತ, ತಪ್ಪು ಮಾಡೋನಲ್ಲ. ನಾವಿಬ್ರೂ ಒಂದೇ ದಿನ ಜೂನಿಯರ್ ಆಗಿ ಸೇರಿದ್ವಿ."

ಮೇಡಂ ಲಕೋಟೆಯ ಮೂಲಕ ಬೆಣೆಯ ಆಕಾರ ತೋರಿಸಿದರು. ವಕೀಲರ ನಗು ಅಲ್ಲೇ ನಿಂತಿತು. ಪಟ್ಟಿ ಹರಿದು ದಾರದಲ್ಲಿ ಕಟ್ಟಿದ್ದ ವಾಚಿನ ಕೈಯಿಂದ ಅವರು ಬಾಯಿ ಒರೆಸಿಕೊಂಡರು.

"ಇದೇನು?"

"ನಂಗೊತ್ತಿಲ್ಲಮ್ಮ," ಎಂದರು. ಅದುವರೆಗೆ ಮೇಡಂ ಮುಖ ನೋಡಿ ಮಾತಾಡುತ್ತಿದ್ದವರು ಈಗ ಫೈಲು ನೋಡಿದರು.

ಮೆಟ್ಟಿಲಲ್ಲಿ ರೇಡಿಯೊ, "ಸುಳ್ಳು ಹೇಳ್ತಿದಾರೆ ಮೇಡಂ. ಎತ್ಹಾಕ್ಕೊಂಡು ಹೋಗೋಣ್ವಾ?" ಎಂದ.

"ಸುಳ್ಳು ಹೌದು. ಯಾರ ಸಲುವಾಗಿ ಅನ್ನೋದು ನೋಡ್ಬೇಕು."

ಮಂಗಳವಾರ ಬೆಳಿಗ್ಗೆ ಅವರು ದೊಡ್ಡ ಸೀನಿಯರ್ ಮನೆಗೆ ಹೋದರು. ಸಂಸ್ಥೆ ಶುರುಮಾಡಿದ ಮೂವರಲ್ಲಿ ಉಳಿದವರು ಅವರೊಬ್ಬರೇ. ತೊಂಬತ್ತರ ಮುದುಕರು, ವರಾಂಡದ ಕುರ್ಚಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಮೇಡಂ ಬೆಣೆಯ ಲಕೋಟೆಯನ್ನು ಅಂಗೈ ಮೇಲಿಟ್ಟಾಗ ಅವರು ಅದರ ಮೇಲೆ ಬೆರಳಾಡಿಸಿ ನಕ್ಕರು.

"ಅಯ್ಯೋ ಮಗಳೇ, ಇದು ನಮ್ಮ ಮೇಜಿನ ಹಲ್ಲು! ಎಂಟು ಹೋಳು ಅದು. ಎಂಟು ಬೆಣೆ. ಹೊಸ ಹುಡುಗರು ಅಖಂಡ ಹಲಗೆ ಅಂದ್ಕೊಂಡವ್ರೆ. ಅಷ್ಟಗಲದ ಮರ ಈ ಭೂಮಿ ಮೇಲೆ ಎಲ್ಲಿ ಬೆಳೆಯುತ್ತೆ?"

ಆಮೇಲೆ ಅವರನ್ನು ನಿಲ್ಲಿಸುವವರಿರಲಿಲ್ಲ. ರೇಡಿಯೊ ಕೂಡ ಬಾಯಿ ಮುಚ್ಚಿಕೊಂಡು ಕೇಳಿದ; ಆ ದಿನವನ್ನು ಠಾಣೆಯವರು ಇಂದಿಗೂ ನೆನೆಯುತ್ತಾರೆ.

ಮೂವರು ಸ್ನೇಹಿತರು ಬೇಕರಿಯ ಮೇಲಿನ ಎರಡು ಕೋಣೆಯಲ್ಲಿ ವಕೀಲಿ ಶುರುಮಾಡಿದರಂತೆ. ಮೂವರಿಗೂ ಸೇರಿ ಒಂದೇ ಕರಿ ಕೋಟು. ಇಬ್ಬರ ಕೇಸು ಒಟ್ಟಿಗೆ ಕೂಗಿದರೆ, ಒಬ್ಬ ವಾದ ಮುಗಿಸಿ ಕೋಟು ಬಿಚ್ಚಿ ಕೋರ್ಟಿನ ಕಿಟಕಿಯಿಂದ ಎಸೆಯುತ್ತಿದ್ದ, ಇನ್ನೊಬ್ಬ ಕೆಳಗೆ ನಿಂತು ಹಿಡಿದು ತೊಟ್ಟುಕೊಂಡು ಪಕ್ಕದ ಕೋರ್ಟಿಗೆ ಓಡುತ್ತಿದ್ದ. ಒಮ್ಮೆ ಗಾಳಿಗೆ ಕೋಟು ಹಾರಿ ಜಡ್ಜ್ ಸಾಹೇಬರ ಕಾರಿನ ಮೇಲೆ ಕೂತಾಗ, ಅವರು ಅದಕ್ಕೇ ವಾಯಿದೆ ಕೊಟ್ಟರಂತೆ. ಮೊದಲ ಸಂಪಾದನೆ ಬಂದಾಗ ಮೂವರೂ ಎರಡನೇ ಕೋಟು ಹೊಲಿಸುವ ಬದಲು ಈ ಮೇಜು ಮಾಡಿಸಿದರು. ಕೋಣೆ ತುಂಬಿ, ಕುರ್ಚಿಗೆ ಜಾಗ ಉಳಿಯಲಿಲ್ಲ. ಒಂದು ತಿಂಗಳು ನಿಂತುಕೊಂಡೇ ಕೆಲಸ ಮಾಡಿದರು.

"ಬೆಳಗಿನ ಹೊತ್ತು ಕೆಳಗಿಂದ ಬನ್ನಿನ ವಾಸನೆ ಬರೋದು ನೋಡು, ಎದುರು ಪಾರ್ಟಿಯೋರೂ ರಾಜಿಗೆ ಒಪ್ಕೊಂಡುಬಿಡೋರು," ಎಂದು ಮುದುಕರು ಕಣ್ಣು ಮುಚ್ಚಿದರು. "ಒಂದ್ಸಲ ಒಬ್ಬಳು ಅಜ್ಜಿ ಬಂದ್ಲು. ಮಾತಾಡ್ತಾ ಮಾತಾಡ್ತಾ ನನ್ನ ವಾಚನ್ನೇ ನೋಡೋಳು. ಟೈಮ್ ಆದಷ್ಟೂ ಫೀಸು ಏರುತ್ತೆ ಅಂತ ಯಾರೋ ಹೇಳಿದ್ರಂತೆ. ಬೇಗ್ ಬೇಗ ಹೇಳಿ ಎದ್ದು ಹೋದ್ಲು. ಕೇಸು ಸೋತ್ವಿ. ಆಮೇಲೆ ಗೊತ್ತಾಯ್ತು, ಗೆಲ್ಲೋ ಮಾತೊಂದು ಅವಳ ಹತ್ರ ಇತ್ತು. ಹೇಳೋಕೆ ಟೈಮ್ ಆಗುತ್ತೆ ಅಂತ ಬಿಟ್ಟಿದ್ಲು."

ಅವರು ಬಿಸಿಲು ಸರಿದ ಕಡೆಗೆ ಕಾಲು ಸರಿಸಿಕೊಂಡರು.

"ಅವತ್ತೇ ಒಂದು ಹಿತ್ತಾಳೆ ಬಟ್ಟಲು ತಂದು ಮೇಜಿನ ಮಧ್ಯ ಇಟ್ಟೆ. ಮೇಜಿಗೆ ಕೈ ಹಚ್ಚೋ ಮುಂಚೆ ವಾಚು ಬಿಚ್ಚಿ ಬಟ್ಟಲಿಗೆ ಹಾಕ್ಬೇಕು. ಸೀನಿಯರ್ ಆಗ್ಲಿ ಜೂನಿಯರ್ ಆಗ್ಲಿ. ಮೇಜಿನ ಮಾತಿಗೆ ಫೀಸಿಲ್ಲ. ಮೊದಮೊದಲು ಮರೆಯೋರು, ಬೈತಿದ್ದೆ. ಆಮೇಲೆ ಅವರ ಕೈಗೇ ಅಭ್ಯಾಸ ಆಗೋಯ್ತು. ಮೇಜಿನ ಧೂಳು ಒರೆಸ್ಬೇಕಾದ್ರೂ ವಾಚು ಬಿಚ್ಚೋರು."

ಮೇಡಂ ಮುಂದಕ್ಕೆ ಬಾಗಿದರು. "ಬಟ್ಟಲು ಈಗೆಲ್ಲಿದೆ?"

"ಮೇಜಿನ ಮೇಲೇ ಇತ್ತಲ್ಲ."

"ಎಂಟು ಹೋಳು ಬಿಚ್ಚೋದು ಯಾರಿಗೆ ಗೊತ್ತು?"

"ನಾನು. ಆಮೇಲೆ, ಬೇಕರಿಯಿಂದ ಹೊಸ ಕಟ್ಟಡಕ್ಕೆ ತರೋವಾಗ ನನ್ನ ಜೊತೆ ಹಲಗೆ ಹಿಡಿದ ಇಬ್ಬರು ಜೂನಿಯರು. ಬೆಣೆಗೆ ಬಟ್ಟೆ ಸುತ್ತಿ ಮೆಲ್ಲಗೆ ತಟ್ರೋ ಅಂತ ಕಲಿಸಿಕೊಟ್ಟಿದ್ದೆ. ಇಬ್ಬರೂ ಈಗ ದೊಡ್ಡೋರಾಗವ್ರೆ. ಒಬ್ಬ ಬಾಡಿಗೆ ಕೇಸಿನೋನು, ಇನ್ನೊಬ್ಬ ಲೆಕ್ಕದೋನು." ಮುದುಕರು ನಿಟ್ಟುಸಿರಿಟ್ಟರು. "ಆ ಬೇಕರಿ ಮೇಲಿನ ಕೋಣೆಗಳು ಎಷ್ಟೋ ವರ್ಷ ಪಾಳು ಬಿದ್ದಿದ್ವು. ಮೊನ್ನೆ ಬೇಕರಿಯೋನು ಸಿಕ್ಕಿದ್ದ, ಯಾರೋ ಬಾಡಿಗೆಗೆ ತಗೊಂಡವ್ರಂತೆ."

ಗೇಟು ದಾಟಿದ ಮೇಲೆ ಮೇಡಂ ಜೀಪಿನ ಬಾಗಿಲು ಹಿಡಿದು ನಿಂತರು. "ರೇಡಿಯೊ, ಬಾಡಿಗೆ ವಕೀಲರ ಕೈಲಿ ವಾಚಿತ್ತಾ?"

"ಇತ್ತು ಮೇಡಂ. ದಾರ ಕಟ್ಟಿತ್ತು."

"ಇನ್ನೊಬ್ಬರ ಕೈಲಿ?"

ರೇಡಿಯೊ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಆರಾರು ನಿಮಿಷಕ್ಕೆ ಬಿಲ್ ಹಾಕೋರು ನಿನ್ನೆಯೆಲ್ಲ ನನ್ನ ಹತ್ರಾನೇ ಟೈಮ್ ಕೇಳಿದ್ರು!"

ದಾರಿಯಲ್ಲಿ ಕಾವಲುಗಾರನನ್ನು ಮತ್ತೆ ವಿಚಾರಿಸಿದರು. ಸಾಹೇಬರು ಇಳಿಸಿದ ಹಲಗೆ ಎಂಥವು?

"ಬೆಡ್‌ಶೀಟ್ ಸುತ್ತಿತ್ತು ಮೇಡಂ. ಒಂದ್ಕಡೆ ಅಗಲ, ಒಂದ್ಕಡೆ ಚೂಪು. ಲಾಭ ಹಂಚೋ ಚಾರ್ಟು ದುಂಡಗಿರುತ್ತಲ್ಲ, ಅದನ್ನೇ ಬಿಡಿಸಿಕೊಂಡು ಹೋಗ್ತಿದಾರೆ ಅಂದ್ಕೊಂಡೆ. ಪಾಪ, ಎಷ್ಟೋ ಸಲ ಹತ್ತಿ ಇಳಿದ್ರು. ನಾನೇ ಕಾರಿಗೆ ಎತ್ತಿಕೊಟ್ಟೆ. ಕೊನೆಗೆ ಒಂದು ಮರದ ಕಂಬ ತಳ್ಳುಗಾಡೀಲಿ ತಂದ್ರು. ಚಾರ್ಟ್ ನಿಲ್ಲಿಸೋ ಕಾಲು ಅಂದ್ರು."

ಬೇಕರಿಯ ಪಕ್ಕದ ಮೆಟ್ಟಿಲು ಕಿರಿದು, ಮರದ್ದು. ನಡುನಡುವೆ ತುಳಿದು ತುಳಿದು ದೋಣಿಯ ಹಾಗೆ ಸವೆದಿತ್ತು. ಬೇಕರಿಯವನನ್ನೂ ಅವನ ಹೆಂಡತಿಯನ್ನೂ ಪಂಚರೆಂದು ಕರೆದುಕೊಂಡು ಮೇಡಂ ಹತ್ತಿದರು. ಹಿಂದೆ ರೇಡಿಯೊ. ಬನ್ನಿನ ವಾಸನೆ ಗೋಡೆಗೋಡೆಯಲ್ಲೂ ಕೂತಿತ್ತು. ಏನೂ ತಪ್ಪು ಮಾಡದಿದ್ದರೂ ರಾಜಿಯಾಗಿಬಿಡೋಣ ಎಂದು ರೇಡಿಯೊಗೂ ಅನ್ನಿಸಿತು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಕೋಣೆ ತುಂಬ ಮೇಜೇ. ಏಳು ಬೆಣೆ ಇದ್ದಲ್ಲಿ ಇದ್ದವು, ಎಂಟನೇ ಜಾಗಕ್ಕೆ ಮಡಚಿದ ಕಾಗದ ತುರುಕಿತ್ತು. ನಡುವೆ ಹಿತ್ತಾಳೆ ಬಟ್ಟಲು, ಅದರೊಳಗೆ ಚರ್ಮದ ಪಟ್ಟಿಯ ಒಂದು ಕೈಗಡಿಯಾರ. ಮೇಜಿಗೂ ಗೋಡೆಗೂ ನಡುವೆ ಒಂದೇ ಒಂದು ಕುರ್ಚಿ ಹೇಗೋ ತೂರಿಸಿಕೊಂಡು ಆರು ನಿಮಿಷದವರು ಕೂತಿದ್ದರು. ಎದುರಿಗೆ ಒಂದು ಬನ್ನು.

"ಬಂದ್ರಾ," ಎಂದರು. "ಬೆಣೆ ಸಿಕ್ತು ಅಂದಾಗಲೇ ಅಂದ್ಕೊಂಡೆ."

"ವಾಚು ಯಾಕೆ ಬಿಟ್ಟು ಹೋದ್ರಿ?"

ಅವರು ಬಟ್ಟಲ ಕಡೆ ನೋಡಿ ಬೆಪ್ಪಾದರು. ಆಮೇಲೆ ಮೆಲ್ಲಗೆ ನಕ್ಕರು. "ಇಲ್ಲಿತ್ತಾ! ಮನೆಯೆಲ್ಲ ಹುಡುಕಿಸಿದೆ. ಭಾನುವಾರ ಮೇಲೆ ಬಿಚ್ಚೋ ಮುಂಚೆ ತೆಗೆದು ಹಾಕಿರ್ಬೇಕು. ಬಟ್ಟಲನ್ನ ಹಂಗೇ ಬಟ್ಟೆ ಸುತ್ತಿ ತಂದೆ. ನಿನ್ನೆ ಕತ್ತಲಾದ ಮೇಲೆ ಬಂದಿದ್ದೆ, ಬಟ್ಟೆ ಬಿಚ್ಚಿದ್ದು ಈಗಷ್ಟೇ. ನೋಡೇ ಇಲ್ಲ. ಕೈ ತಾನಾಗೇ ಮಾಡಿದೆ."

"ದೊಡ್ಡ ಸಂಸ್ಥೆಗೆ ಸೇರೋದೇ ಸರಿ ಅಂದೋರು ನೀವು. ಗೋಡೆ ತುಂಬ ಚಾರ್ಟು ಬರೆದೋರು ನೀವು."

"ಈಗಲೂ ಸರಿ ಅಂತಾನೇ ಹೇಳ್ತೀನಿ. ಲೆಕ್ಕ ತಪ್ಪಿಲ್ಲ." ಅವರು ಬೆಣೆಯ ಜಾಗದ ಕಾಗದವನ್ನು ಬೆರಳಿನಿಂದ ಒತ್ತಿದರು. "ಹೊಸ ಪದ್ಧತಿ ಎಷ್ಟು ಚೆನ್ನಾಗಿದೆ ಅಂತ ತೋರಿಸೋಕೆ, ಹಳೇ ವರ್ಷಗಳಿಗೆಲ್ಲ ಅದನ್ನೇ ಹಚ್ಚಿ ನೋಡಿದೆ ಮೇಡಂ. ಯಾರು ಉಳೀತಿದ್ರು, ಯಾರು ಹೋಗ್ತಿದ್ರು ಅಂತ. ನಾನು ಪಾರ್ಟ್ನರ್ ಆದ ಹೊಸದರಲ್ಲಿ ನನ್ನ ಹೆಂಡ್ತಿ ಹಾಸಿಗೆ ಹಿಡಿದಿದ್ಲು. ಎರಡು ವರ್ಷ ನಾನು ಒಬ್ಬ ಕಕ್ಷಿದಾರನನ್ನೂ ತರ್ಲಿಲ್ಲ. ಕೋರ್ಟಿಗೆ ಹೋದ ದಿನಕ್ಕಿಂತ ಆಸ್ಪತ್ರೆಗೆ ಹೋದ ದಿನ ಜಾಸ್ತಿ. ವರ್ಷದ ಕೊನೇಲಿ ಈ ಮೇಜಿನ ಸುತ್ತ ಕೂತಾಗ ಎದ್ದು ಓಡಿಹೋಗೋಣ ಅನ್ನಿಸ್ತಿತ್ತು. ದೊಡ್ಡ ಸೀನಿಯರ್ ನನ್ನ ಪಾಲನ್ನ ಎಲ್ಲರ ಹಾಗೇ ನನ್ನ ಮುಂದೆ ಸರಿಸಿ, ಮನೇಲಿ ಹೇಗಿದಾರೆ ಅಂತ ಕೇಳಿದ್ರು. ಅಷ್ಟೇ. ಒಬ್ಬರೂ ಒಂದು ಮಾತು ಆಡ್ಲಿಲ್ಲ."

ಕೆಳಗೆ ಬೇಕರಿಯಲ್ಲಿ ಯಾರೋ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದ ಸದ್ದು ಕೇಳುತ್ತಿತ್ತು.

"ನನ್ನ ಚಾರ್ಟು ಮೊದಲು ಹೊರಗೆ ಹಾಕಿದ್ದು ನನ್ನನ್ನ."

ರೇಡಿಯೊಗೆ ದೊಡ್ಡಣ್ಣನ ತಟ್ಟೆಯ ಮೇಲೆ ಬಾಗಿದ ಅಮ್ಮನ ಸೌಟು ಕಂಡಂತಾಯಿತು.

"ಅದನ್ನೇ ಸಭೇಲಿ ಹೇಳ್ಬಹುದಿತ್ತಲ್ಲ?" ಎಂದರು ಮೇಡಂ.

"ಇಷ್ಟು ವರ್ಷ ಎಲ್ಲರ ಬಾಯಿ ಮುಚ್ಚಿಸಿದ್ದು ಲೆಕ್ಕದಿಂದ. ಹಳೇ ಕಥೆ ಹೇಳ್ಕೊಂಡು ಅಳೋಕೆ ನಾಚಿಕೆ ಆಯ್ತು. ಕದಿಯೋಕೆ ಆಗ್ಲಿಲ್ಲ ನೋಡಿ."

ಮೇಡಂ ಅವರಿಗೆ ಬನ್ನು ಮುಗಿಸಲು ಹೇಳಿದರು. ಅವರು ಮುಗಿಸಿದ ಮೇಲೆ ದಸ್ತಗಿರಿ ಮಾಡಿದರು. ಮೇಜು, ಬಟ್ಟಲು, ಏಳು ಬೆಣೆ, ಒಂದು ಕೈಗಡಿಯಾರ, ನಡೆಯುತ್ತಿರುವ ಸ್ಥಿತಿಯಲ್ಲಿ, ಎಂದು ರೇಡಿಯೊ ಪಂಚನಾಮೆ ಬರೆದ.

ತನ್ನದೂ ಪಾಲಿರುವ ಮೇಜನ್ನು ಪಾಲುದಾರ ಒಯ್ದರೆ ಕಳವಾಗುತ್ತದೆಯೇ ಎಂದು ಮುನ್ನೂರು ವಕೀಲರು ಎರಡು ದಿನ ವಾದ ಮಾಡಿದರು. ಆರು ನಿಮಿಷದವರಿಗೆ ಜಾಮೀನು ಕೊಡಿಸಲು ನಿಂತವರು ಬಾಡಿಗೆ ವಕೀಲರು. ಫೀಸು ಎಷ್ಟೆಂದು ರೇಡಿಯೊ ಕೆಣಕಿದಾಗ, "ಅವನು ನನ್ನ ಹೆಸರನ್ನ ಚಾರ್ಟಿನ ತಳಕ್ಕೆ ಹಾಕಿದ್ದನಲ್ಲ, ಇವತ್ತು ನಾನು ಅವನನ್ನ ಕಟಕಟೆಗೆ ಹತ್ತಿಸಿದೆ. ಲೆಕ್ಕ ಚುಕ್ತಾ!" ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು.

ವಶಪಡಿಸಿಕೊಂಡ ಮುದ್ದೆಮಾಲು ಕೋರ್ಟಿನ ಅಪ್ಪಣೆಯಿಲ್ಲದೆ ಠಾಣೆಯಿಂದ ಹೊರಗೆ ಹೋಗುವಂತಿಲ್ಲ. ಪಾರ್ಟ್ನರ್‌ಗಳು ಮೇಜಿಲ್ಲದೆ ಕೂರುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಸಂಸ್ಥೆಯೇ ಠಾಣೆಗೆ ಬಂತು. ದೊಡ್ಡ ಸೀನಿಯರ್ ಎದುರು ನಿಂತು ಅಂಗಳದ ಮರದಡಿ ಮೇಜಿನ ಜೋಡಣೆ ಮಾಡಿಸಿದರು. ಎಂಟನೇ ಬೆಣೆಯನ್ನು ಮೇಡಂ ಲಕೋಟೆ ಒಡೆಸಿ ಕೊಟ್ಟರು. ರೇಡಿಯೊ ಬಟ್ಟಲು ಹಿಡಿದು ಒಂದು ಸುತ್ತು ಬಂದ. ಎಷ್ಟೋ ವರ್ಷದ ಮೇಲೆ ಅದು ವಾಚುಗಳಿಂದ ತುಂಬಿತು.

ಕೊನೆಗೆ ವಾಚು ಬಿಚ್ಚಿದವಳು ಕಿರಿಯ ಪಾರ್ಟ್ನರ್. "ಸರ್, ನಿಮ್ಮ ಮೇಲೆ ಗೌರವ ಇದೆ," ಎಂದು ಆರು ನಿಮಿಷದವರಿಗೆ ನೇರವಾಗಿ ಹೇಳಿದಳು. "ಆದ್ರೆ ಈ ಮೇಜಿನ ನೆನಪು ನನಗಿಲ್ಲ. ನಾನು ಬರೋ ಹೊತ್ತಿಗೆ ನೀವು ಇದನ್ನ ಗಾಜಿನ ಬಾಗಿಲ ಹಿಂದೆ ಇಟ್ಟಿದ್ರಿ. ನಮ್ಮನ್ನ ಯಾರೂ ಕೂರಿಸಲೇ ಇಲ್ಲ."

ಅವರು ತಮ್ಮ ಆ ಎರಡು ವರ್ಷದ ಚಾರ್ಟನ್ನು ಮೇಜಿನ ಮೇಲೆ ಬಿಡಿಸಿಟ್ಟರು.

ಕೈಯೆತ್ತಿಸಿದಾಗ ಹಳೇ ಪಾಲೇ ಉಳಿಯಿತು. ಕಿರಿಯ ಪಾರ್ಟ್ನರ್ ತಿಂಗಳೊಳಗೆ ತನ್ನ ಕಕ್ಷಿದಾರರನ್ನು ಕರೆದುಕೊಂಡು ಬೇರೆ ಸಂಸ್ಥೆಗೆ ಹೋದಳು. ಹಿಂದೆಯೇ ಇನ್ನೂ ಕೆಲವರು ಹೋದರು. ನಾಲ್ಕು ಮಹಡಿಯಲ್ಲಿ ಎರಡನ್ನು ಖಾಲಿ ಮಾಡಬೇಕಾಯಿತು. ಲೆಕ್ಕ ಹೇಳಿದಂತೆಯೇ ಆಯಿತು. ಸಂಸ್ಥೆ ಕೋರ್ಟಿನಲ್ಲಿ ರಾಜಿಯಾಗಿ, ಕೇಸು ಮುಗಿದು, ಮೇಜು ಮನೆ ಸೇರಿತು. ಈಗ ಅದಕ್ಕೆ ಗಾಜಿನ ಬಾಗಿಲಿಲ್ಲ. ಬೆಂಚಿನ ಮೇಲೆ ಕೂರುತ್ತಿದ್ದ ಹೆಂಗಸರು ಕೈಚೀಲವನ್ನು ಅದರ ಮೇಲೆಯೇ ಇಡುತ್ತಾರಂತೆ.

ಕೈಗಡಿಯಾರವನ್ನು ಮಾತ್ರ ಬಿಡಿಸಿಕೊಂಡು ಹೋಗಲು ಯಾರೂ ಬರಲಿಲ್ಲ. ಠಾಣೆಯಿಂದ ಪತ್ರ ಹೋಯಿತು, ಫೋನು ಹೋಯಿತು. ಕೊನೆಗೆ ರೇಡಿಯೊ ತಾನೇ ಕಚೇರಿಗೆ ಹೋಗಿ ಕೇಳಿಕೊಂಡು ಬಂದ. ಆಗ ಆರು ನಿಮಿಷದವರು ಮೇಜಿನ ಮುಂದೆ ಕೂತು ಒಬ್ಬಳು ಮುದುಕಿಯ ಮಾತು ಕೇಳುತ್ತಿದ್ದರು. ಅವಳು ತನ್ನ ಮೊಮ್ಮಗನ ಮದುವೆಯಿಂದ ಶುರುಮಾಡಿದ್ದಳು. ಕೇಸಿಗೆ ಬರಲು ಇನ್ನೂ ಬಹಳ ದೂರವಿತ್ತು.

"ಏನಂದ್ರು?" ಎಂದು ಮೇಡಂ ಕೇಳಿದರು.

"ಆಮೇಲೆ ಬರ್ತೀನಿ ಅಂದ್ರು ಮೇಡಂ," ಎಂದ ರೇಡಿಯೊ. "ಎಷ್ಟ್ ಹೊತ್ತಿಗೆ ಅಂತ ನಾನೂ ಕೇಳ್ಲಿಲ್ಲ."